ಒಂಥರಾ ವಾಸನೆ

ಆ ಕೆಲವು ವರ್ಷ ನಮ್ಮ ಮನೆಯಲ್ಲಿ ಮೂಗು ಇದ್ದದ್ದು ನನ್ನೊಬ್ಬನಿಗೆ. ಅಪ್ಪನಿಗೂ ಒಂದಿತ್ತು, ಸಾಕಷ್ಟು ದೊಡ್ಡದೇ. ಆದರೆ ಅದು ಬೆಳಗಾಗುತ್ತಲೇ ಡೊಂಬಿವಲಿ ಸ್ಟೇಷನ್ನಿಗೆ ಓಡಿ, ಲೋಕಲ್ ಹಿಡಿದು, ಠಾಣೆಯ ಮಾಜಿವಾಡಾದ ಒಂದು ಹೋಟೆಲಿನ ಗಲ್ಲಾದ ಹಿಂದೆ ದಿನವಿಡೀ ಕೂತು, ನಾವು ಮಲಗಿದ ಮೇಲೆ ವಾಪಸು ಬರುತ್ತಿತ್ತು. ಅಮ್ಮನ ಮೂಗು ಮುಖದ ಮೇಲೆ ಇದ್ದಲ್ಲೇ ಇತ್ತು. ಕೆಲಸ ಮಾತ್ರ ಬಿಟ್ಟಿತ್ತು.

ಒಂದು ಮಳೆಗಾಲದಲ್ಲಿ ಅವಳಿಗೆ ಜ್ವರ, ಶೀತ ಒಟ್ಟಿಗೇ ಬಂದವು. ಜ್ವರ ಬಿಟ್ಟಿತು, ಶೀತ ಇಳಿಯಿತು, ವಾಸನೆ ವಾಪಸು ಬರಲಿಲ್ಲ. ಠಾಣೆಯ ಮೂಗಿನ ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿ, "ಆ ಜಾಯೇಗಾ... ಶಾಯದ್" ಎಂದರು. ಬಂದೀತು, ಬಹುಶಃ. ಆ 'ಶಾಯದ್' ಹೇಳುವಾಗ ಅವರ ಹುಬ್ಬು ಒಂದು ಮೇಲೆ, ಒಂದು ಕೆಳಗೆ ಹೋದದ್ದನ್ನು ನಾನು ಮನೆಗೆ ಬಂದು ಹಾಗೇ ಮಾಡಿ ತೋರಿಸಿದೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ, ಬಿಸಿ ಹಾಲಿನ ಪಾತ್ರೆಯ ಮೇಲೆ ಬಗ್ಗಿ ಬಹಳ ಹೊತ್ತು ನಿಂತಿದ್ದಳು.

ಅನುಕರಣೆ ನನ್ನ ಚಟ. ಯಾರದೇ ನಡಿಗೆ, ಕೆಮ್ಮು, ಫೋನಿನಲ್ಲಿ 'ಹಲೋ' ಅನ್ನುವ ರೀತಿ ಒಮ್ಮೆ ನೋಡಿದರೆ ಸಾಕು. ನನ್ನನ್ನೂ ನಾನು ಬಿಟ್ಟವನಲ್ಲ. ನವಿ ಮುಂಬಯಿಯ ಮಹಾಪೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ, ಮ್ಯಾನೇಜರನ ಮುಂದೆ ಕುತ್ತಿಗೆ ಒಳಗೆಳೆದುಕೊಂಡು 'ಯೆಸ್ ಸರ್' ಅನ್ನುವ ಆಮೆಯನ್ನು, ಅಂದರೆ ನನ್ನನ್ನೇ, ನಾನು ಮಾಡಿದಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು. ಹೀಗಾಗಿ ಕಲ್ಯಾಣದ ನಮ್ಮ ಕನ್ನಡ ಸಂಘದ ಒಂದು ಸಂಜೆ ವೇದಿಕೆ ಹತ್ತಿದೆ, ಚಪ್ಪಾಳೆ ಬಿತ್ತು. ಸಂಘದ ಪತ್ರಿಕೆಯ ಸಂಪಾದಕರು, ಬ್ಯಾಂಕಿನಿಂದ ನಿವೃತ್ತರಾದ ಮೈಸೂರಿನವರು, "ಇದನ್ನೇ ಬರೆದುಕೊಡಿ" ಎಂದರು. ಬರೆದುಕೊಟ್ಟೆ. ಅದು ಮೈತುಂಬ ಕೆಂಪು ಶಾಯಿಯೊಂದಿಗೆ ವಾಪಸು ಬಂತು.

"ವೇದಿಕೆ ಮೇಲೆ ನೀವು ತೋರಿಸಿದಾಗ ಜನ ಎದ್ದು ಬಂದ ಹಾಗಿತ್ರೀ," ಎಂದರು ಅವರು. "ಇಲ್ಲಿ ಒಬ್ಬರೂ ಬಂದಿಲ್ಲ. ಒಂಥರಾ ಮನುಷ್ಯ, ಒಂಥರಾ ನಡಿಗೆ, ಒಂಥರಾ ನಗು. ಓದೋನಿಗೆ ಏನು ಕಾಣ್ಬೇಕು?"

"ಒಂಥರಾ ಕಾಣ್ಬೇಕು ಸರ್," ಎಂದೆ.

ಅವರು ನಗಲಿಲ್ಲ. "ಇನ್ನೊಂದು ಬರೀರಿ. ಈ ಒಂದು ಪದ ಬಿಟ್ಟು ಬರೀರಿ ನೋಡೋಣ."

ಆ ಪದವನ್ನು ಬಿಡಿಸಿದ್ದು ಅವರ ಕೆಂಪು ಶಾಯಿಯಲ್ಲ. ಅಮ್ಮನ ಬಾಣಲೆ.

ಅಮ್ಮ ಸಾರಿನ ಪುಡಿ, ಹುಳಿ ಪುಡಿ ಮಾಡಿ ಮಾರುತ್ತಿದ್ದಳು. ನವಿ ಮುಂಬಯಿಗೆ ಹೊಸದಾಗಿ ಬಂದ ಬೆಂಗಳೂರಿನ ಕಂಪ್ಯೂಟರ್ ಜನ ಆ ಪುಡಿಗಾಗಿ ಕಾದಿರುತ್ತಿದ್ದರು. ಮೂಗು ಹೋದ ಮೇಲೂ ಅವಳು ಅದನ್ನು ನಿಲ್ಲಿಸಲಿಲ್ಲ. ನನ್ನ ಮೂಗನ್ನು ಬಾಡಿಗೆಗೆ ಹಿಡಿದಳು. ಒಂದು ಭಾನುವಾರ ಕೊತ್ತಂಬರಿ ಬೀಜ ಹುರಿಯಲಿಟ್ಟು ಕರೆದಳು.

"ಲೋ, ಬಾರೋ. ಹೇಗಿದೆ ವಾಸನೆ?"

"ಬರ್ತಿದೆ."

"ಬರ್ತಿದೆ ಅಂದ್ರೆ? ಘಮ ಬಂತಾ, ಇನ್ನೂ ಹಸಿ ಇದ್ಯಾ?"

"ಒಂಥರಾ ಇದೆ ಅಮ್ಮಾ."

"ಒಂಥರಾ ಅನ್ನೋದು ಇಳಿಸೋ ವಾಸನೆನೋ, ಹುರಿಯೋ ವಾಸನೆನೋ?"

ನಾನು ಯೋಚಿಸುವಷ್ಟರಲ್ಲಿ ಬಾಣಲೆಯಿಂದ ಹೊಗೆ ಎದ್ದಿತು. ಹೊಗೆ ಅವಳಿಗೂ ಕಂಡಿತು. ಆ ಬೀಜವನ್ನೆಲ್ಲ ಕಸದ ಡಬ್ಬಿಗೆ ಸುರಿದು, ಒಲೆ ಆರಿಸಿ, ನೆಲದ ಮೇಲೆ ಕೂತು, ನನ್ನನ್ನೂ ಕೂರಿಸಿಕೊಂಡಳು. ಕಣ್ಣು ಮುಚ್ಚಿ, ನೆನಪಿನಿಂದ ಒಂದೊಂದನ್ನೇ ತೆಗೆದು ಹೇಳಿದಳು: ಮೊದಲು ಹಸಿ ವಾಸನೆ, ಅದು ಒದ್ದೆ ಗೋಣಿಚೀಲದ ಹಾಗೆ. ಅದು ಹೋಗಿ ಘಮ ಬರುತ್ತದೆ, ಬಂದ ತಕ್ಷಣ ಇಳಿಸಬೇಕು. ತಡ ಮಾಡಿದರೆ ಕಮರು. "ಕಮರು ಬಂತೋ, ಮುಗೀತು. ಆಮೇಲೆ ದೇವರು ಬಂದ್ರೂ ಸರಿಮಾಡಕ್ಕಾಗಲ್ಲ." ಅವಳು ಕಣ್ಣು ತೆರೆದಾಗ, ಈ ವಾಸನೆಗಳೆಲ್ಲ ಅವಳಿಗೆ ಈಗ ಬರೀ ಪದಗಳಾಗಿ ಉಳಿದಿವೆ ಎಂದು ನನಗೆ ಹೊಳೆಯಿತು. ಆ ಪದಗಳನ್ನೂ ನಾನು ಕಳೆದರೆ ಅವಳ ಹತ್ತಿರ ಏನೂ ಉಳಿಯುವುದಿಲ್ಲ.

ನಾನು ಮೊದಲು ಮಾಡಿದ್ದು ಎಲ್ಲ ಉತ್ಸಾಹಿಗಳೂ ಮಾಡುವುದನ್ನೇ. ಸಂಘದ ಲೈಬ್ರರಿಯಿಂದ ದಪ್ಪ ನಿಘಂಟು ಹೊತ್ತು ತಂದೆ. ಮರುದಿನ ಬೆಳಿಗ್ಗೆ ಫ್ರಿಜ್ಜಿನಲ್ಲಿ ಮರೆತುಹೋದ ಪಲ್ಯ ಮೂಸಿ, "ಅಮ್ಮಾ, ಪೂತಿಗಂಧ!" ಎಂದು ಘೋಷಿಸಿದೆ.

"ಅದ್ಯಾವುದೋ, ಹೊಸ ಊದಿನಕಡ್ಡಿನಾ?" ಎಂದು ಕೇಳಿ ಅವಳು ಪಲ್ಯ ಬಿಸಿಮಾಡಲು ಹೊರಟಳು.

"ಹಳಸಿದೆ, ಹಳಸಿದೆ!" ಎಂದು ಓಡಿಹೋಗಿ ಕಿತ್ತುಕೊಂಡೆ. ನಿಘಂಟು ಆ ವಾರವೇ ಕಲ್ಯಾಣಕ್ಕೆ ವಾಪಸಾಯಿತು.

ಆಮೇಲೆ ಪದಗಳನ್ನು ಅವುಗಳ ಮಾಲೀಕರ ಬಾಯಿಂದಲೇ ಕೇಳಿ ಎತ್ತಿಕೊಳ್ಳತೊಡಗಿದೆ. ಅಮ್ಮ ನನ್ನ ಮೂಗಿಗೆ ಹಳೆಯ ಕೊಬ್ಬರಿ ಹಿಡಿದು 'ಕಮಟು' ಎಂದಳು, ಮಳೆಗಾಲದ ಬೇಳೆ ಡಬ್ಬಿ ತೆರೆದು 'ಮುಗ್ಗು' ಎಂದಳು. ಅಪ್ಪ ರಜೆಯ ದಿನ ಒಲೆಯ ಪಕ್ಕ ನಿಂತು ಸೀದದ್ದಕ್ಕೆ ತಮ್ಮ ಉಡುಪಿಯ 'ಕರಿಂಚಿದ್ದು' ಕೊಟ್ಟರು.

"ನಾನು ಗಲ್ಲಾದಲ್ಲಿ ಕೂತೇ ಹೇಳ್ತೇನೆ ಮಾರಾಯ, ಒಳಗೆ ಎಣ್ಣೆ ಎಷ್ಟು ಸಲ ಕಾದದ್ದು ಅಂತ."

"ಆ ವಾಸನೆಗೆ ಎಂತ ಹೇಳ್ತೀರಿ ಅಪ್ಪ?" ಎಂದು ಅವರದೇ ರಾಗದಲ್ಲಿ ಕೇಳಿದೆ.

"ಎಂತ ಹೇಳುವುದು? ಚೆಲ್ಲು ಅಂತ ಹೇಳುವುದು."

ನಮ್ಮ ಮಹಡಿಯಲ್ಲೇ ಪಕ್ಕದ ಮನೆಯಲ್ಲಿ ಧಾರವಾಡದವರೊಬ್ಬರು ಇದ್ದರು, ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ. ಅವರು ಒಮ್ಮೆ ಊರಿಗೆ ಹೋಗುವಾಗ ಸಿಂಕಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಎಲೆಕೋಸು ಮರೆತು ಹೋಗಿದ್ದರು. ಅವರು ಅದಕ್ಕೆ ಕೋಬಿ ಅನ್ನುತ್ತಾರೆ. ಬಂದು ಬಾಗಿಲು ತೆರೆದಾಗ ಇಡೀ ಮಹಡಿ ಮೂಗು ಮುಚ್ಚಿಕೊಂಡಿತು. ಕಾಕು ಆ ಚೀಲವನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮುಖ ಆಚೆ ತಿರುಗಿಸಿ, ಮೆಟ್ಟಿಲಿಳಿದದ್ದನ್ನು ನಾನು ಎಷ್ಟು ಸಲ ಮಾಡಿ ತೋರಿಸಿದೆನೋ.

"ಏ ಮಂಗ್ಯಾ, ನನ್ನ ಮುಂದ ನನ್ನ ಅಣಕಸ್ತಿ?" ಎಂದು ಅವರು ಬೆನ್ನಿಗೆ ಗುದ್ದಿ, ಹಾಗೇ ಪಾಠವನ್ನೂ ಹೇಳಿದರು. "ನೋಡು ತಮ್ಮಾ, ಹಳಸಿದ್ದು ಬ್ಯಾರೆ, ಕೊಳತದ್ದು ಬ್ಯಾರೆ. ಹಳಸಿದ್ದು ಹುಳಿ ಹೊಡೀತೈತಿ. ಕೊಳತದ್ದು ಗಂಟಲದಾಗ ಇಳದು ಕುಂದರ್ತೈತಿ."

ನಾನು ಇವನ್ನೆಲ್ಲ ಬರೆದಿಡಲಿಲ್ಲ. ಒಂದೊಂದು ಪದವೂ ಅದನ್ನು ಕೊಟ್ಟವರ ದನಿಯಲ್ಲೇ ನನ್ನೊಳಗೆ ಇಳಿದಿತ್ತು. 'ಮುಗ್ಗು' ಅಂದುಕೊಂಡರೆ ಅಮ್ಮ ಡಬ್ಬಿಯ ಮುಚ್ಚಳ ಮುಚ್ಚುವುದು ಕೇಳುತ್ತಿತ್ತು. ಇನ್ನೊಬ್ಬನ ದನಿಗೆ ಸರಿಯಾದ ಏರಿಳಿತ ಹುಡುಕುವುದು, ಒಂದು ವಾಸನೆಗೆ ಸರಿಯಾದ ಪದ ಹುಡುಕುವುದು, ಎರಡೂ ಒಂದೇ ಕೆಲಸ ಎಂದು ತಿಳಿಯಿತು: ಹತ್ತಿರದ್ದು ಸಿಕ್ಕಿದಾಗ ಸಾಕು ಅನ್ನಬಾರದು. ಸಂಪಾದಕರಿಗೆ ಬರೆಯಬೇಕಾದ ಲೇಖನ ಮೂಗಿನ ಬಗ್ಗೆಯೇ ಎಂದು ನಿರ್ಧರಿಸಿದೆ.

ಆದರೆ ಅಡುಗೆಮನೆಯ ಪದಗಳು ಕಿಟಕಿಯ ಆಚೆ ಕೆಲಸ ಮಾಡುತ್ತಿರಲಿಲ್ಲ.

ನಾವಿದ್ದದ್ದು ಡೊಂಬಿವಲಿ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ. ನಮ್ಮ ಬಿಲ್ಡಿಂಗಿನ ಹಿಂದಿನ ರಸ್ತೆ ದಾಟಿದರೆ ಕೆಮಿಕಲ್ ಕಾರ್ಖಾನೆಗಳ ಸಾಲು. ಯಾವುದರೊಳಗೆ ಏನು ಕುದಿಯುತ್ತದೆ ಎಂದು ಯಾರಿಗೂ ತಿಳಿಯದು. ಅವಕ್ಕೂ, ಅವು ಬಿಡುವ ವಾಸನೆಗೂ ನಮ್ಮಲ್ಲಿ ಒಂದೇ ಹೆಸರು: ಕಂಪನಿ. ಚರಂಡಿಯ ನೀರು ಒಂದು ದಿನ ಗುಲಾಬಿ, ಒಂದು ದಿನ ಹಸಿರು. ಗಾಳಿ ಈ ಕಡೆ ತಿರುಗಿದಾಗ ಒಮ್ಮೆ ಸುಟ್ಟ ರಬ್ಬರು, ಒಮ್ಮೆ ಕೊಳೆತ ಮೊಟ್ಟೆ. ಕೆಲವು ಸಂಜೆ, ಅತಿಯಾಗಿ ಮಾಗಿದ ಹಣ್ಣಿನಂಥ ಸಿಹಿ ವಾಸನೆ. ಆ ಸಿಹಿ ಬಂದ ಸಂಜೆ ರಸ್ತೆಯ ನಾಯಿಗಳು ಬೊಗಳುತ್ತಿರಲಿಲ್ಲ. ಹಾಗೆಂದು ನನಗೆ ಅನಿಸುತ್ತಿತ್ತು, ಯಾರಿಗೂ ಹೇಳಲಿಲ್ಲ.

ವಾಸನೆ ಬಂತೆಂದರೆ ಏನು ಮಾಡಬೇಕೆಂಬುದು ಅಲ್ಲಿನ ಪ್ರತಿ ಮನೆಗೂ ಗೊತ್ತು. ಮೊದಲು ಮೂಸಿದವರು ಗ್ಯಾಲರಿಯಿಂದ, ಅಂದರೆ ಬಾಲ್ಕನಿಯಿಂದ, ಕೂಗಬೇಕು. ಕಾಕು ಬಹುಪಾಲು ಮೊದಲಿಗರು; ಅಮ್ಮ ಅವರಿಗೆ ವೈನಿ, ಅಂದರೆ ಅತ್ತಿಗೆ. "ವೈನೀ, ಕಂಪನಿ ಬಿಟ್ಟಾರ! ಕಿಡಕಿ ಹಾಕ್ರೀ!" ಕೆಳಗಿನಿಂದ ಮರಾಠಿಯಲ್ಲಿ ಅದೇ ಕೂಗು, ಮೇಲಿನಿಂದ ಹಿಂದಿಯಲ್ಲಿ. ಆಮೇಲೆ ಬಿಲ್ಡಿಂಗಿನ ಕಿಟಕಿಗಳೆಲ್ಲ ಸರ್ರನೆ ಸರಿದು ಮುಚ್ಚಿಕೊಳ್ಳುವ ಸದ್ದು. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್. ಯಾವ ವಾಸನೆ, ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಮುಚ್ಚಿ, ಕೂತು, ಟಿವಿಯ ಸದ್ದು ಏರಿಸುವುದು. ಅಮ್ಮನಿಗೆ ಏನೂ ಮೂಸಲಾಗದಿದ್ದರೂ ಕೂಗು ಕೇಳಿದ ಕೂಡಲೇ ಅವಳೂ ಮುಚ್ಚುತ್ತಿದ್ದಳು.

ಆ ದಿನ ಚಳಿಗಾಲದ ಒಂದು ಸಂಜೆ. ಮಹಾಪೆಯಿಂದ ಬಂದು ಠಾಣೆಯಲ್ಲಿ ಗಾಡಿ ಬದಲಿಸುತ್ತಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಅಮ್ಮನ ಫೋನು.

"ಬರ್ತಾ ಬ್ರೆಡ್ ತಗೊಂಡ್ ಬಾರೋ. ಯಾಕೋ ತಲೆ ಭಾರ, ಅಡುಗೆ ಮಾಡಲ್ಲ ಇವತ್ತು. ಕಂಪನಿ ಬೇರೆ ಬಿಟ್ಟಿದ್ದಾರಂತೆ, ಕಾಕು ಕೂಗಿದ್ರು. ಎಲ್ಲ ಕಿಟಕಿ ಹಾಕ್ಕೊಂಡು ಮಲಗಿದ್ದೆ."

"ಇವತ್ತು ಯಾವ ವಾಸನೆಯಂತೆ?"

"ನನ್ನ ಕೇಳ್ತೀಯಲ್ಲೋ ಕೋತಿ! ಕಾಕುನ ಕೇಳು. ಸ್ವಲ್ಪ ಹೊತ್ತು ಬಿದ್ಕೋತೀನಿ, ಆಮೇಲೆ ಎದ್ದು ದೀಪ ಹಚ್ಚಬೇಕು."

ಕಲ್ಯಾಣದ ಫಾಸ್ಟ್ ಲೋಕಲ್ ಬಂತು. ನುಗ್ಗಿ, ಬಾಗಿಲ ಪಕ್ಕ ಒಂದು ಮೊಣಕೈ ಜಾಗ ಗಿಟ್ಟಿಸಿಕೊಂಡೆ. ಕಾಕುಗೆ ಫೋನು ಮಾಡಿದ್ದು ಅನುಮಾನದಿಂದಲ್ಲ. ಲೇಖನಕ್ಕೆ ಇನ್ನೊಂದು ಪದ ಸಿಗಬಹುದು ಎಂಬ ದುರಾಸೆಯಿಂದ.

"ಕಾಕೂ, ಕಂಪನಿ ಬಿಟ್ಟಾರಂತ. ಎಂಥಾ ವಾಸನಿ ಐತ್ರಿ?" ಎಂದು ಅವರ ದನಿಯಲ್ಲೇ ಶುರುಮಾಡಿದೆ.

"ಬಂತಪಾ ಮಂಗ್ಯಾ! ಎಂಥಾ ಅಂದ್ರ? ಒಂದ್ ನಮೂನಿ ಐತಿ."

ಧಾರವಾಡದ 'ಒಂಥರಾ'. ನನಗೆ ನಗು ಬಂತು. ಸಂಪಾದಕರ ಹಾಗೆ ಗಂಟಲು ಸರಿಪಡಿಸಿಕೊಂಡೆ. "ಹಾಗಂದ್ರೆ ಓದೋನಿಗೆ ಏನ್ರೀ ಕಾಣ್ಬೇಕು? ಕಣ್ಣು ಉರೀತದೇನು?"

"ಇಲ್ಲ, ಕಣ್ಣಿಗೇನಿಲ್ಲ."

"ರಬ್ಬರ್ ಸುಟ್ಟಂಗ?"

"ಅಲ್ಲೋ."

"ತತ್ತಿ ಕೊಳತಂಗ?"

"ಛೀ, ನಾವೆಲ್ಲಿ ತತ್ತಿ ಮೂಸೇವಿ? ತಡಿ, ಹೇಳ್ತೀನಿ." ಅವರು ಉಸಿರೆಳೆದುಕೊಂಡದ್ದು ಫೋನಿನಲ್ಲಿ ಕೇಳಿಸಿತು. "ಹಾಂ. ನನ್ನ ಕೋಬಿ ನೆನಪೈತೇನು? ನೀ ಊರತುಂಬ ಮಾಡಿ ತೋರಿಸ್ತೀಯಲ್ಲ, ಆ ಚೀಲದಾಗಿಂದು. ಅದರಂಗ ಐತಿ ನೋಡು."

ಗಾಡಿ ಹೊರಟಿತ್ತು. ನನ್ನ ಬಾಯಿಯಲ್ಲಿದ್ದ ಸಂಪಾದಕರು, ಕಾಕು, ಎಲ್ಲರೂ ಒಮ್ಮೆಗೇ ಇಳಿದುಹೋದರು. ಕಂಪನಿಯಿಂದ ರಬ್ಬರು ಬಂದಿತ್ತು, ಮೊಟ್ಟೆ ಬಂದಿತ್ತು, ಮಾಗಿದ ಹಣ್ಣು ಬಂದಿತ್ತು. ಕೊಳೆತ ಎಲೆಕೋಸು ಎಂದೂ ಬಂದಿರಲಿಲ್ಲ. ಆ ವಾಸನೆ ನಾನು ಮೂಸಿದ್ದು ಎರಡೇ ಕಡೆ: ಕಾಕುವಿನ ಚೀಲದಲ್ಲಿ, ಮತ್ತು ಸಿಲಿಂಡರ್ ಬದಲಿಸುವಾಗ ಒಂದು ಕ್ಷಣ, ರೆಗ್ಯುಲೇಟರಿನ ಬಾಯಿಯಲ್ಲಿ.

"ಕಾಕು, ವಾಸನಿ ಎಲ್ಲೈತಿ? ಗ್ಯಾಲರ್ಯಾಗೋ, ಮೆಟ್ಟಲ ಕಡೆನೋ?"

"ಯಾಕೋ?" ಅವರು ಓಡಾಡುವ ಸದ್ದು. "ಗ್ಯಾಲರ್ಯಾಗ ಏನೂ ಇಲ್ಲ ಬಿಡು. ಬಾಗಲಾ ತಗದ್ರ ಬರ್ತೈತಿ. ನಿಮ್ಮ ಬಾಗಲ ಹತ್ರ ಜಾಸ್ತಿ ಐತಿ."

ಬೇರೆ ಊರಿನವರಾಗಿದ್ದರೆ ಮೊದಲ ಉಸಿರಿಗೇ 'ಗ್ಯಾಸ್' ಅನ್ನುತ್ತಿದ್ದರು. ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕಂಪನಿ. ಹಾಗಾಗಿ ಎಲ್ಲರೂ ಸೇರಿ ಅಮ್ಮನನ್ನು ಅದರ ಜೊತೆ ಒಳಗೆ ಹಾಕಿ ಕಿಟಕಿ ಮುಚ್ಚಿಸಿದ್ದರು. ಅವಳಿಗೆ ತಲೆ ಭಾರ. ಇನ್ನು ಸ್ವಲ್ಪ ಹೊತ್ತಿಗೆ ಎದ್ದು, ಮುಖ ತೊಳೆದು, ಅಡುಗೆಮನೆಯ ದೇವರ ಮುಂದೆ ಕಡ್ಡಿ ಗೀರುತ್ತಾಳೆ.

"ಕಾಕು, ಅದು ಗ್ಯಾಸ್! ನಮ್ಮನೀ ಗ್ಯಾಸ್!"

"ಅಯ್ಯ ಶಿವನ! ನಿಂದ್ರು, ಬೆಲ್ ಮಾಡ್ತೀನಿ—"

"ಬೆಲ್ ಒತ್ತಬ್ಯಾಡ್ರಿ! ಬಾಗಲಾ ಬಡೀರಿ, ಕೈಲೆ ಬಡೀರಿ! ಅಮ್ಮಗ ದೀಪ ಹಚ್ಚಬ್ಯಾಡ ಅಂತ—"

ಪಾರ್ಸಿಕ್ ಸುರಂಗ. ಫೋನು ಸತ್ತಿತು.

ಆ ಸುರಂಗದಲ್ಲಿ ಗಾಡಿಯ ಸದ್ದು ನಾಲ್ಕು ಪಟ್ಟು ಆಗುತ್ತದೆ. ನಾನು ಕೊನೆಗೆ ಹೇಳಿದ್ದು ಅವರಿಗೆ ಎಲ್ಲಿಯವರೆಗೆ ಕೇಳಿಸಿತು? 'ಬೆಲ್ ಒತ್ತಬ್ಯಾಡ್ರಿ' ಕೇಳಿಸಿತೇ? ಅಥವಾ ಬರೀ 'ಬೆಲ್'? ನಮ್ಮ ಬೆಲ್ಲಿನ ಸ್ವಿಚ್ಚು ಹಳೆಯದು, ಒತ್ತಿದಾಗಲೆಲ್ಲ ಒಳಗೊಂದು ನೀಲಿ ಕಿಡಿ ಹಾರುತ್ತಿತ್ತು. ಅಪ್ಪ ಬದಲಿಸುತ್ತೇನೆ ಬದಲಿಸುತ್ತೇನೆ ಎನ್ನುತ್ತಲೇ ಇದ್ದರು. ಬೋಗಿಯ ಆ ತುದಿಯಲ್ಲಿ ಲೋಕಲಿನ ಎಂದಿನ ಭಜನೆಯವರು ತಾಳ ತಟ್ಟುತ್ತಿದ್ದರು. ಪಕ್ಕದವನು ನನ್ನ ಮುಖ ನೋಡಿ, "ಕ್ಯಾ ಹುವಾ ಭಾಯ್?" ಎಂದ. ನನಗೆ ಯಾರ ದನಿಯೂ ಬರಲಿಲ್ಲ, ನನ್ನದೂ.

ಸುರಂಗ ಮುಗಿದ ಮೇಲೆ ಕಾಕುಗೆ ಮತ್ತೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಅಮ್ಮನಿಗೆ ಫೋನು ಮಾಡಲು ಹೋದ ಬೆರಳನ್ನು ತಡೆದುಕೊಂಡೆ. ಕತ್ತಲಾಗಿದ್ದರೆ ಅವಳು ಫೋನು ಹುಡುಕಲು ಮೊದಲು ಲೈಟಿನ ಸ್ವಿಚ್ಚು ಹಾಕುತ್ತಾಳೆ. ಡೊಂಬಿವಲಿಯಲ್ಲಿ ಇಳಿದು ರಿಕ್ಷಾ ಹಿಡಿದೆ. ದಾರಿಯುದ್ದಕ್ಕೂ ಕಿವಿಯೊಂದೇ ಕೆಲಸ ಮಾಡುತ್ತಿತ್ತು, ದೂರದಿಂದ ಬರಬಹುದಾದ ಒಂದು ಸದ್ದಿಗಾಗಿ. ಎಂಐಡಿಸಿಯ ತಿರುವಿನಲ್ಲಿ ತಲೆ ಹೊರಗೆ ಹಾಕಿ ನೋಡಿದೆ. ಇಡೀ ಬಿಲ್ಡಿಂಗಿನ ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದವು. ನಮ್ಮ ಮನೆಯವು ಮಾತ್ರ ಎಲ್ಲವೂ ತೆರೆದಿದ್ದವು. ಒಳಗೆ ಕತ್ತಲು.

ಅಮ್ಮ ಕಾಕುವಿನ ಮನೆಯ ಕುರ್ಚಿಯಲ್ಲಿ ಕೂತಿದ್ದಳು. ಕೈಯಲ್ಲಿ ಎಣ್ಣೆಗೆ ಅದ್ದಿದ ಬತ್ತಿ. ಒಲೆಯ ಹಿಂದಿನ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಮಧ್ಯಾಹ್ನ ಒಲೆಯ ಗುಂಡಿಯನ್ನಷ್ಟೇ ಆರಿಸಿ ಮಲಗಿದವಳು ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿರಲಿಲ್ಲ.

"ಬಡದೆ, ಬಡದೆ, ಕೈ ಬಾತು ಹೋತು," ಎಂದರು ಕಾಕು. "ಬಾಗಲಾ ತಗದ್ರು ನೋಡು ನಿಮ್ಮವ್ವ, ಒಂದ್ ಕೈಯಾಗ ಬತ್ತಿ, ಒಂದ್ ಕೈಯಾಗ ಕಡ್ಡಿಪೆಟಗಿ. 'ಬರ್ರಿ ಕಾಕು, ದೀಪಾ ಹಚ್ಚಿ ಬರ್ತೀನಿ' ಅಂತಾರ! ಕಡ್ಡಿಪೆಟಗಿ ಕಸಗೊಂಡು ಮೆಟ್ಟಲ ಕೆಳಗ ಒಗದೆ."

ಅಮ್ಮ ನನ್ನನ್ನು ನೋಡಿ ಕೇಳಿದ್ದು ಒಂದೇ. "ಅಷ್ಟು ಜೋರಾಗಿ ಬರ್ತಿತ್ತೇನೋ ವಾಸನೆ?"

ಅಪ್ಪ ಮರುದಿನ ಕೆಲಸಕ್ಕೆ ಹೋಗಲಿಲ್ಲ. "ಇನ್ನು ನೀನು ಒಬ್ಬಳೇ ಇರುವುದು ಬೇಡ ಮಾರಾಯ್ತಿ. ಪುಡಿಯೂ ಬೇಡ, ಎಂತದೂ ಬೇಡ. ಊರಲ್ಲಿ ನನ್ನ ಅಕ್ಕನ ಮನೆಯಲ್ಲಿ ಇರು, ಜನ ಇದ್ದಾರೆ ಅಲ್ಲಿ."

"ಅಲ್ಲಿ ಅವರ ಒಲೆ ಮುಂದೆ ನಾನು ಏನಾಗಿ ನಿಂತ್ಕೊಳ್ಳಲಿ? ಹೇಳಿ ನೀವೇ," ಎಂದಳು ಅಮ್ಮ. ಅವಳು ದನಿ ಏರಿಸಲಿಲ್ಲ. ಅಪ್ಪ ಹೊಸ ಪೈಪನ್ನು ಒಮ್ಮೆ ಎಳೆದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಇವನು ಮನೆಯಲ್ಲಿದ್ದಾಗ ಮಾತ್ರ ಒಲೆ ಹಚ್ಚುವುದು. ಇವನ ಮೂಗು ನಂಬಿ ಬಿಡ್ತಾ ಇದ್ದೇನೆ. ಅದು ಕೈಕೊಟ್ಟ ದಿನ ಮಾತಿಲ್ಲ."

ಹಾಗೆ ಅಮ್ಮನ ಅಡುಗೆಮನೆ ನನ್ನ ಮೂಗಿನ ಮೇಲೆ ನಿಂತಿತು. ಆಫೀಸಿಗೆ ಹೋಗುವ ಮೊದಲು, ಬಂದ ಮೇಲೆ, ಅವಳು ಕೇಳುವುದು, ನಾನು ಹೇಳುವುದು. ಪೈಪಿಗೆ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೆಯೇ ಎಂದು ಇಬ್ಬರೂ ನೋಡುವುದು. ರಾತ್ರಿಯ ಊಟ ನನಗಾಗಿ ಕಾಯುವುದು. ಲೇಖನವನ್ನೂ ಬರೆದು ಮುಗಿಸಿದೆ. ಅಮ್ಮನಿಗೆ ಓದಿ ಹೇಳಿದೆ. "ಅಲ್ಲಿ ಕಮಟು ಅಲ್ವೋ, ಕಮರು," ಎಂದು ಒಂದು ಕಡೆ ತಿದ್ದಿದಳು. ಒಂದೂ 'ಒಂಥರಾ' ಇರಲಿಲ್ಲ. ಹೆಮ್ಮೆಯಿಂದ ಕಲ್ಯಾಣಕ್ಕೆ ಕಳಿಸಿದೆ.

ಮಳೆಗಾಲ ಇನ್ನೇನು ಶುರುವಾಗಬೇಕು ಎನ್ನುವಾಗ ಒಂದು ಭಾನುವಾರ ಸಂಪಾದಕರು ತಾವೇ ಮನೆಗೆ ಬಂದರು. ಎಂಐಡಿಸಿಗೆ ಅವರು ಬಂದದ್ದು ಅದೇ ಮೊದಲು. ಬಾಗಿಲು ತೆರೆದೆ. ಅವರು ನಗುತ್ತಾ, "ಲೇಖನ ಓದಿದೆ, ಭೇಷ್—" ಎನ್ನುತ್ತಾ ಹೊಸ್ತಿಲಲ್ಲೇ ನಿಂತುಬಿಟ್ಟರು. ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು.

"ಏನ್ರೀ ಇದು ವಾಸನೆ?"

ಅಮ್ಮ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿದಳು.

ನಾನು ಉಸಿರೆಳೆದೆ. ಇನ್ನೊಮ್ಮೆ ಎಳೆದೆ. ಏನೂ ಇರಲಿಲ್ಲ. ಎಂದಿನ ಗಾಳಿ, ಎಂದಿನ ಮನೆ. ಮೂರು ಸೀಮೆಯ ಪದಗಳು ಬಾಯಿಯ ಬಾಗಿಲಿಗೆ ಬಂದು ಸಾಲಾಗಿ ನಿಂತಿದ್ದವು. ಕರೆಯಲು ಒಂದು ವಾಸನೆಯೂ ಇರಲಿಲ್ಲ.

"ಸರ್, ಯಾವ ವಾಸನೆ? ಹೇಗಿದೆ?"

"ಹೇಗಿದೆ ಅಂದ್ರೆ..." ಅವರು ಕರವಸ್ತ್ರ ಸರಿಸಿ ಮೂಸಿ, ಮತ್ತೆ ಮುಚ್ಚಿಕೊಂಡರು. "ಒಂಥರಾ ಇದೆ."

ಯಾರೂ ನಗಲಿಲ್ಲ. ಅಮ್ಮ ಕಿಟಕಿಯ ಹತ್ತಿರ ಹೋಗಿ, ಅರ್ಧ ತೆರೆದಿದ್ದ ಗಾಜಿನ ಮೇಲೆ ಕೈಯಿಟ್ಟು ನಿಂತಳು.

"ತೆಗೀಲಾ, ಹಾಕ್ಲಾ?"

ಓಡಿಹೋಗಿ ರೆಗ್ಯುಲೇಟರ್ ನೋಡಿದೆ, ಬಂದಾಗಿತ್ತು. ಸೋಪಿನ ನೊರೆ ಬಳಿದೆ. ಪೈಪಿನುದ್ದಕ್ಕೂ ಬಳಿದು, ಬಗ್ಗಿ ಕೂತು ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಹಾಗಾದರೆ ಅದು ಹೊರಗಿನದು.

"ಹಾಕಮ್ಮಾ," ಎಂದೆ.

ಅಮ್ಮ ಗಾಜು ಸರಿಸಿದಳು. ಕೊನೆಯ ಸಂದಿ ಮುಚ್ಚುವ ಮೊದಲು ನಾನು ಅವಳ ಹೆಗಲ ಮೇಲಿಂದ ಹೊರಗೆ ನೋಡಿದೆ. ಎದುರಿನ ಬಿಲ್ಡಿಂಗಿನ ಕಿಟಕಿಗಳೆಲ್ಲ ತೆರೆದಿದ್ದವು. ಈಚೆ ಪಕ್ಕದಲ್ಲಿ ಕಾಕು ತಮ್ಮ ಗ್ಯಾಲರಿಯಲ್ಲಿ ನಿಂತು, ಸಾವಕಾಶವಾಗಿ ಬಟ್ಟೆ ಒಣಹಾಕುತ್ತಿದ್ದರು. ಅವರೆಲ್ಲರ ಮೂಗಿಗೂ ಇದು ಎಂದಿನ ಗಾಳಿಯೇ; ಯಾರೂ ಕೂಗಿರಲಿಲ್ಲ.